ಐವತ್ತೈದು ಡೆಸಿಬಲ್ಲಿನ ಬಂಡಾಯ

ಬೆಳಿಗ್ಗೆ ಮೇಜಿನ ಮೇಲೆ ಬಂದು ಕೂತಿದ್ದ ಹಸಿರು ಫೈಲನ್ನು ಬಿಚ್ಚಿದ ಕೂಡಲೇ ಸದ್ದು ಸಾಹೇಬರು ಮತ್ತೆ ಮುಚ್ಚಿಬಿಟ್ಟರು.

ಸದ್ದು ಸಾಹೇಬರು ನಗರಸಭೆಯ ಶಬ್ದ ನಿಯಂತ್ರಣ ವಿಭಾಗದವರು. ದೂರು ಬಂದ ಕಡೆ ಹೋಗಿ ಮೀಟರು ಹಿಡಿಯುವುದು, ಸದ್ದು ಐವತ್ತೈದು ಡೆಸಿಬಲ್ ದಾಟಿದರೆ ಬೀಗ ಜಡಿದು ಸೀಲು ಒತ್ತುವುದು ಅವರ ಕೆಲಸ. ಸೀನು ಬಂದರೂ ಅಕ್ಕಪಕ್ಕ ನೋಡಿಯೇ ಸೀನುವ ಪ್ರಾಣಿ. ಆದರೆ ಪ್ರತಿ ಮಂಗಳವಾರ ಸಂಜೆ ಇದೇ ಪ್ರಾಣಿ ಹರಿದ ಕಪ್ಪು ಬನಿಯನ್ನು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಟೈರಂಗಡಿಯ ಹಿಂದಿನ ಶೆಡ್ಡಿನಲ್ಲಿ ಪಂಕ್ ಎಂಬ ಬಂಡಾಯದ ಹಾಡು ಹಾಡುತ್ತದೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡ್ರಮ್ಮಿಗೆ ಟೈರಂಗಡಿಯವನು, ಗಿಟಾರಿಗೆ ಹಲ್ಲಿನ ಡಾಕ್ಟರಮ್ಮ, ಗಂಟಲಿಗೆ ಸಾಹೇಬರು. ಹಾಡೂ ಅವರದೇ. ಯಾವುದೋ ಮೀಟಿಂಗಿನಲ್ಲಿ ಸುತ್ತೋಲೆಯ ಬೆನ್ನಿಗೆ ಗೀಚಿದ್ದು:

ಸಾಲಲ್ಲಿ ನಿಲ್ಲಲ್ಲ, ಸೀಲಿಗೆ ಕಾಯಲ್ಲ,
ಏನ್ ಮಾಡ್ತೀಯೋ ಮಾಡ್ಕೋ, ಬಾಯಿ ಮುಚ್ಚಲ್ಲ!

ಬರುವ ಶನಿವಾರ ಮೈದಾನದಲ್ಲಿ ಅವರ ಮೊದಲ ಕಾರ್ಯಕ್ರಮ. ಫೈಲಿನಲ್ಲಿ ಇದ್ದದ್ದು ಆ ಶೆಡ್ಡಿನ ಮೇಲಿನ ದೂರು. ಬೀಗ ಬಿದ್ದರೆ ಡ್ರಮ್ಮು, ಗಿಟಾರು ಒಳಗೆ, ಶನಿವಾರ ಗೋವಿಂದ.

ಫೈಲನ್ನು ಉಳಿದವುಗಳ ಅಡಿಗೆ ತಳ್ಳುವಷ್ಟರಲ್ಲಿ ಮೇಲಧಿಕಾರಿ ಮೇಡಂ ಬಂದೇಬಿಟ್ಟರು.

"ದೂರು ಕೊಟ್ಟಿರೋ ಆ ರಿಟೈರ್ಡ್ ಹೆಡ್‌ಮಿಸ್ಸು ನನಗೆ ಮೂರು ಸಲ ಫೋನ್ ಮಾಡಿದ್ರು. ಇವತ್ತೇ ಮಂಗಳವಾರ. ನಾನೂ ಬರ್ತೀನಿ. ಬೀಗ ಮರೀಬೇಡಿ."

"ಸರಿ ಮೇಡಂ," ಎಂದ ಸಾಹೇಬರು ಓಡಿಹೋಗಿ ಬಚ್ಚಲಲ್ಲಿ ನಿಂತು ಟೈರಂಗಡಿಗೆ ಫೋನು ಹಚ್ಚಿದರು.

"ನಮ್ಮ ಮೇಡಂ ಅಳತೆಗೆ ಬರ್ತಿದ್ದಾರೆ, ಇವತ್ತೊಂದಿನ ಮೆಲ್ಲಗೆ ಬಾರಿಸಪ್ಪಾ, ನಿನ್ನ ದಮ್ಮಯ್ಯ!"

"ಏನ್ ಸಾರ್ ಹೀಗಂತೀರಾ? ಅಧಿಕಾರಿಗಳಿಗೆ ಹೆದರಬಾರ್ದು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?"

"ಅದು ಹಾಡಲ್ಲಿ ಕಣಯ್ಯಾ!"

"ನಾವು ಬಾರಿಸೋದೂ ಹಾಡನ್ನೇ ಅಲ್ವಾ ಸಾರ್," ಎಂದು ಅವನು ಫೋನಿಟ್ಟ.

ಸಂಜೆ ಮೇಡಂ, ಸಾಹೇಬರು ಹತ್ತಿ ಹೋದಾಗ ಶೆಡ್ಡಿನ ಎದುರಿನ ತಮ್ಮ ಮನೆಯ ಬಾಲ್ಕನಿಯಲ್ಲಿ ಹೆಡ್‌ಮಿಸ್ಸು ಕಾದಿದ್ದರು. ಅಕ್ಕಪಕ್ಕದವರು ಕುರ್ಚಿ ಸಮೇತ ಬಂದಿದ್ದರು. ಪಕ್ಕದ ಮನೆಯ ವಕೀಲರಂತೂ, "ಮೀಟರು ಎದೆ ಮಟ್ಟಕ್ಕೆ ಇರ್ಬೇಕು ರೀ, ಹೊಟ್ಟೆ ಮಟ್ಟಕ್ಕಲ್ಲ," ಎಂದು ಸಾಹೇಬರ ಕೈಯನ್ನೇ ಹಿಡಿದೆತ್ತಿದರು.

ಶೆಡ್ಡಿನಲ್ಲಿ ಡ್ರಮ್ಮು ಶುರುವಾಯಿತು. ಟೈರಂಗಡಿಯವನು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳಲಿಲ್ಲ. ಸಾಹೇಬರು ಒಂದೇ ಕಣ್ಣು ಬಿಟ್ಟು ಮೀಟರು ನೋಡಿದರು. ಐವತ್ತೆರಡು! ಶೆಡ್ಡಿನ ಗೋಡೆಗೆ ನೆಲದಿಂದ ಸೂರಿನವರೆಗೆ ಪೇರಿಸಿದ್ದ ಹಳೇ ಟೈರುಗಳು ಅರ್ಧ ಸದ್ದನ್ನು ನುಂಗಿ ಕೂತಿದ್ದವು. ಸಾಹೇಬರಿಗೆ ಹೋದ ಜೀವ ಬಂದಂತಾಯಿತು.

"ಇದಲ್ಲ ರೀ," ಎಂದರು ಹೆಡ್‌ಮಿಸ್ಸು. "ಇದು ಚೆನ್ನಾಗೇ ಇದೆ. ಇದನ್ನ ಕೇಳ್ಕೊಂಡು ಬಟ್ಟೆ ಮಡಚಿದ್ರೆ ಕೆಲಸ ಬೇಗ ಆಗತ್ತೆ. ನನ್ನ ತಕರಾರು ಆ ಗಂಟಲಿನ ಮೇಲೆ. ಒಬ್ಬ ಟೋಪಿಯವನು ಬಾಗಿಲಾಚೆ ನಿಂತ್ಕೊಂಡು ಅರಚ್ತಾನೆ, ಬಾಗಿಲಿಗೆ ಬೆರಳು ಸಿಕ್ಕಿಹಾಕ್ಕೊಂಡವನ ಹಾಗೆ."

ರಬ್ಬರಿನ ವಾಸನೆಗೆ ತಲೆನೋವು ಬರುತ್ತದೆಂದು ಸಾಹೇಬರು ಯಾವಾಗಲೂ ಬಾಗಿಲಾಚೆ ನಿಂತೇ ಹಾಡುತ್ತಿದ್ದರು.

"ಎಲ್ಲಿ ಆ ಗಂಟಲು?" ಎಂದು ಮೇಡಂ ಕೆಳಕ್ಕೆ ಕೂಗಿದರು.

"ಇವತ್ತು ಬಂದಿಲ್ಲ ಮೇಡಂ, ಆಫೀಸಲ್ಲಿ ತುಂಬಾ ಕೆಲಸವಂತೆ," ಎಂದರು ಡಾಕ್ಟರಮ್ಮ, ಸಾಹೇಬರ ಮುಖ ನೋಡದೆ.

"ಹಾಗಾದ್ರೆ ಇನ್ನೊಂದ್ಸಲ ಬಾರಿಸಿ. ಅಳತೆ ಬರ್ಕೊಂಡು ಹೊರಡ್ತೀವಿ."

ಮೂರೇ ನಿಮಿಷ ಸುಮ್ಮನಿದ್ದರೆ ಶೆಡ್ಡೂ ಉಳಿಯಿತು, ನೌಕರಿಯೂ ಉಳಿಯಿತು. ಆದರೆ ಆ ಹಾಡಿನಲ್ಲಿ ಎರಡು ಸಾಲಿಗೊಮ್ಮೆ ಡ್ರಮ್ಮು ನಿಂತು ಗಂಟಲಿಗೆ ಜಾಗ ಬಿಡುತ್ತದೆ. ಮೊದಲ ಸಲ ಜಾಗ ಬಂದಾಗ ಸಾಹೇಬರು ತುಟಿ ಕಚ್ಚಿದರು. ಎರಡನೆಯ ಸಲ ಬಾಲ್ಕನಿಯ ಕಂಬಿಯನ್ನು ಬಿಗಿಯಾಗಿ ಹಿಡಿದರು. ಮೂರನೆಯ ಸಲ ತಡೆಯಲಾಗಲಿಲ್ಲ.

"ಬಾಯಿ ಮುಚ್ಚಲ್ಲಾಆಆ!"

ವಕೀಲರು ಕುರ್ಚಿಯಿಂದ ಜಾರಿದರು. ಮೀಟರು ತೊಂಬತ್ತೇಳಕ್ಕೆ ಹೋಗಿ ನಿಂತಿತು. ಆ ಒಂದು ಕ್ಷಣ ಸಾಹೇಬರಿಗಾದ ಆನಂದ ಇಡೀ ಸೇವಾವಧಿಯಲ್ಲಿ ಆಗಿರಲಿಲ್ಲ.

"ಇದೇ! ಇದೇ ಗಂಟಲು!" ಎಂದು ಹೆಡ್‌ಮಿಸ್ಸು ಬೆರಳು ತೋರಿಸಿದರು.

ಮೇಡಂ ಸಾಹೇಬರನ್ನು ದಿಟ್ಟಿಸಿದರು. ನಗು ತಡೆಯಲು ಅವರು ಪಡುತ್ತಿದ್ದ ಪಾಡು ಕಾಣುತ್ತಿತ್ತು. "ಶೆಡ್ಡಿಗೆ ಬೀಗ ಬೇಡ. ಈ ಗಂಟಲಿಗೆ ಹಾಕಿದ್ರೆ ಸಾಕು," ಎಂದರು.

"ಶನಿವಾರ ಹಾಡೋರ್ಯಾರು ಮೇಡಂ?" ಎಂದು ಟೈರಂಗಡಿಯವನು ಕೆಳಗಿನಿಂದ ಗೋಗರೆದ.

ಹೆಡ್‌ಮಿಸ್ಸು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಮೂರು ತಿಂಗಳಿಂದ ಕೇಳಿ ಕೇಳಿ ಹಾಡು ಅವರಿಗೆ ಬಾಯಿಪಾಠವಾಗಿತ್ತು. ಸೆರಗು ಸಿಕ್ಕಿಸಿ ಇಳಿದು ಹೋಗಿ, ಟೈರುಗಳ ನಡುವೆ ನಿಂತು, ನಲವತ್ತು ವರ್ಷ ತರಗತಿಗಳನ್ನು ನಡುಗಿಸಿದ ದನಿಯಲ್ಲಿ ಹಾಡಿದರು. ಮೀಟರು ಐವತ್ನಾಲ್ಕು. ಬೀದಿಯವರೆಲ್ಲ ಕುಣಿದರು, ವಕೀಲರೂ ಕುಣಿದರು.

"ಅಮ್ಮಾ, ಇಷ್ಟು ದಿನ ಎಲ್ಲಿದ್ರಿ?" ಎಂದ ಟೈರಂಗಡಿಯವನು, ಕಣ್ಣೊರೆಸಿಕೊಳ್ಳುತ್ತ.

"ಎದುರು ಮನೇಲೇ ಇದ್ದೆ ಕಣೋ."

ತಮ್ಮ ಹಾಡು ಇಷ್ಟು ಚೆಂದವಿದೆಯೆಂದು ಸಾಹೇಬರಿಗೂ ಗೊತ್ತಾದದ್ದು ಆಗಲೇ. ಹೊಟ್ಟೆ ಉರಿಯಿತು, ಕಾಲು ಮಾತ್ರ ತಾಳ ಹಾಕುತ್ತಲೇ ಇತ್ತು.

"ಬರ್ಕೊಳ್ಳಿ," ಎಂದರು ಮೇಡಂ. "ಸದರಿ ಗಂಟಲು ಶನಿವಾರ ವೇದಿಕೆಯ ನೂರಡಿಯೊಳಗೆ ಬರತಕ್ಕದ್ದಲ್ಲ. ಆದೇಶ ಪಾಲನೆಯಾಗ್ತಿದ್ಯಾ ನೋಡೋಕೆ ಶಬ್ದ ವಿಭಾಗದ ಅಧಿಕಾರಿ ವೇದಿಕೆಯ ಪಕ್ಕದಲ್ಲೇ ನಿಂತಿರತಕ್ಕದ್ದು."

ಸಾಹೇಬರು ಬರೆಯುತ್ತ ಬರೆಯುತ್ತ ಪೆನ್ನು ನಿಲ್ಲಿಸಿದರು. "ಮೇಡಂ, ಎರಡೂ ನಾನೇ ಅಲ್ವಾ? ಪಕ್ಕದಲ್ಲಿರ್ಲಾ, ನೂರಡಿ ದೂರ ಇರ್ಲಾ?"

"ಸ್ಪಷ್ಟೀಕರಣ ಕೋರಿ ಒಂದು ಅರ್ಜಿ ಕೊಡಿ," ಎಂದು ಮೇಡಂ ಮೆಟ್ಟಿಲಿಳಿದರು. "ಸೋಮವಾರ ನೋಡ್ತೀನಿ."