ತಿಳಿಸಾರಿಗೊಂದು ಸರ್ಟಿಫಿಕೇಟು

ನಮ್ಮ ಅತ್ತೆಯ ಕೈಗೆ ಒಂದು ಲೋಟ ಪಾನಕ ಕೊಟ್ಟು, ಅವರು ಅದನ್ನು ಮರುಮಾತಿಲ್ಲದೆ ಕುಡಿದು ಮುಗಿಸಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ ಅಂದರೆ, ಸ್ವಾಮಿ, ನೀವು ಬೇರೆ ಯಾರದೋ ಅತ್ತೆಯನ್ನು ನೋಡಿದ್ದೀರಿ! ನಮ್ಮತ್ತೆ ಹಾಗೆಲ್ಲ ಕುಡಿಯುವವರಲ್ಲ. ಮೊದಲು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಸ್ಟೀಲಿನ ಲೋಟವಾದರೆ ಗಾಜಿನದನ್ನು ತರಿಸುತ್ತಾರೆ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಯಾರೂ ಮೇಜು ಅಲುಗಿಸಬಾರದೆಂದು ತಾಕೀತು ಮಾಡಿ, ತಳದಲ್ಲಿ ಏನಾದರೂ ಕೂರುತ್ತದೆಯೇ ಎಂದು ಕಾಯುತ್ತಾರೆ. ಅಷ್ಟು ಹೊತ್ತಿಗೆ ಬಾಯಾರಿಕೆ ತಾನಾಗಿಯೇ ಹೊರಟುಹೋಗಿರುತ್ತದೆ.

ಅತ್ತೆ ಅಂದರೆ ಗಂಡನ ತಾಯಿಯಲ್ಲ. ಅವರ ಬಗ್ಗೆ ಬರೆಯುವ ಧೈರ್ಯ ನನಗಿಲ್ಲ. ಇವರು ನನ್ನ ಅಪ್ಪನ ಅಕ್ಕ. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವರು. ಮದುವೆಯಾಗಲಿಲ್ಲ. ಈಗ ಹನುಮಂತನಗರದಲ್ಲಿ ನಮ್ಮ ಜೊತೆಗಿದ್ದಾರೆ. ಅಥವಾ ನಾವು ಅವರ ಜೊತೆಗಿದ್ದೇವೆ ಎನ್ನುವುದು ಹೆಚ್ಚು ನಿಜ.

ಕೆಮಿಸ್ಟ್ರಿಯ ಪುಸ್ತಕದಲ್ಲಿ ಮಿಶ್ರಣಗಳ ಪಾಠ ಒಂದಿರುತ್ತದಲ್ಲ, ನಿಮಗೂ ನೆನಪಿರಬೇಕು. ಎಲ್ಲಿಂದ ಒಂದು ಚಮಚ ತೆಗೆದರೂ ಒಂದೇ ಥರ ಇದ್ದರೆ ಅದು ಸಮರೂಪ ಮಿಶ್ರಣ, ಉಪ್ಪು ಕರಗಿದ ನೀರಿನ ಹಾಗೆ. ಒಂದೊಂದು ಚಮಚಕ್ಕೆ ಒಂದೊಂದು ಥರ ಬಂದರೆ ಅಸಮರೂಪ, ಚುರುಮುರಿಯ ಹಾಗೆ. ಉಳಿದ ಮೇಷ್ಟರುಗಳೆಲ್ಲ ಈ ಪಾಠವನ್ನು ಒಂದು ವಾರದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ನಮ್ಮತ್ತೆ ಮುಂದಕ್ಕೆ ಹೋಗಲೇ ಇಲ್ಲ!

ಶ್ರೀರಾಮನವಮಿಯ ದಿನ ನಮ್ಮ ರಸ್ತೆಯ ಪೆಂಡಾಲಿನಲ್ಲಿ ಪಾನಕ ಹಂಚುವವರಿಗೆ ಬಿಸಿಲಿಗಿಂತ ನಮ್ಮತ್ತೆಯ ಭಯ ಹೆಚ್ಚು. ಡ್ರಮ್ಮಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತುಬಿಡುತ್ತಾರೆ. ಬೆಲ್ಲ ಕರಗಿದೆ, ಅದು ಎಲ್ಲರಿಗೂ ಸಮ. ಮೆಣಸಿನ ಪುಡಿ ಕರಗುವುದಿಲ್ಲ, ತಳ ಸೇರುತ್ತದೆ. ಹಾಗಾಗಿ ಮೊದಲು ಬಂದವರಿಗೆಲ್ಲ ಸಿಹಿ, ಕೊನೆಗೆ ಬಂದವರಿಗೆ ಕೆಮ್ಮು, ಇದ್ಯಾವ ನ್ಯಾಯ ಎಂಬುದು ಅವರ ವಾದ. ಪ್ರತಿ ಲೋಟಕ್ಕೂ ಮೊದಲು ಒಂದು ಸಲ ಕಲಕಲೇಬೇಕು. ಹೋದ ಸಲ ಕಲಕಿ ಕಲಕಿ ಸೋತ ಯುವಕ ಸಂಘದ ಅಧ್ಯಕ್ಷರು, ಮುಂದಿನ ವರ್ಷ ಮಜ್ಜಿಗೆ ಮಾತ್ರ ಹಂಚೋಣ ಎಂದು ಪಿಸುಗುಟ್ಟಿದರು. ಮಜ್ಜಿಗೆ ಇನ್ನೂ ದೊಡ್ಡ ಪಾಠ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ನನ್ನ ಗಂಡ ನನ್ನನ್ನು ನೋಡಲು ಬಂದ ದಿನವೂ ಹೀಗೇ ಆಯಿತು. ಸಂಬಳ, ಮನೆ, ಗೋತ್ರ ಎಲ್ಲ ಅಪ್ಪನ ಇಲಾಖೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಹಾಲು ಸಮರೂಪವೋ ಅಸಮರೂಪವೋ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮನುಷ್ಯ, ಬೆವರು ಒರೆಸಿಕೊಂಡು, ಹಸುವಿನದೋ ಎಮ್ಮೆಯದೋ ಎಂದು ಕೇಳಿದರು. ಉತ್ತರ ಗೊತ್ತಿಲ್ಲದಿದ್ದಾಗ ಊಹೆ ಹೊಡೆಯದೆ ಇನ್ನೊಂದು ಪ್ರಶ್ನೆ ಕೇಳುವವನು ಒಳ್ಳೆಯ ವಿದ್ಯಾರ್ಥಿ ಎಂದು ಅತ್ತೆ ಒಳಗೆ ಬಂದು ತೀರ್ಪು ಕೊಟ್ಟರು. ನನ್ನ ಮದುವೆ ನಡೆದದ್ದು ಹಾಗೆ. ಅಂದ ಹಾಗೆ, ಹಾಲು ನೋಡಲು ಸಮರೂಪ, ಆದರೆ ನಿಜದಲ್ಲಿ ಅಸಮರೂಪ. ಟಾರ್ಚಿನ ಬೆಳಕು ಹಾಯಿಸಿದರೆ ಅದರೊಳಗಿನ ಕಣಗಳು ಬೆಳಕನ್ನು ಚದುರಿಸುತ್ತವೆ. ಇದಕ್ಕೆಂದೇ ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿ ಸದಾ ಒಂದು ಪುಟ್ಟ ಟಾರ್ಚು. ದರ್ಶಿನಿಯಲ್ಲಿ ನಿಂತು ಕಾಫಿಗೆ ಟಾರ್ಚು ಬಿಡುವವರನ್ನು ಕಂಡರೆ ಜನ ಆಹಾರ ಇಲಾಖೆಯವರೆಂದು ಗಾಬರಿಯಾಗುವುದು ಸಹಜ. ಅಡುಗೆಯವರೇ ಬಂದು ಇನ್ನೊಂದು ಲೋಟ ಬಿಸಿಯಾಗಿ ತಂದುಕೊಟ್ಟದ್ದೂ ಉಂಟು.

ಇಂಥ ಅತ್ತೆಗೆ ಒಬ್ಬರೇ ಒಬ್ಬರು ಗೆಳತಿ. ಅದೇ ಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವರು. ನಮಗೆಲ್ಲ ಕನ್ನಡ ಮೇಡಂ. ನಗರ್ತಪೇಟೆಯಲ್ಲಿ ತಲೆಮಾರುಗಳಿಂದ ಹಿತ್ತಾಳೆ ಪಾತ್ರೆ ಮಾರಿಕೊಂಡು ಬಂದ ಮನೆತನದವರು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಈಗ ಚಾಮರಾಜಪೇಟೆಯಲ್ಲಿ ಮಗ ಸೊಸೆಯ ಜೊತೆ ವಾಸ. ಪ್ರತಿ ಶನಿವಾರ ಮಧ್ಯಾಹ್ನ ಅತ್ತೆಯ ಊಟ ಅಲ್ಲಿ. ಇಷ್ಟು ವರ್ಷದ ಸ್ನೇಹದಲ್ಲೂ ಇಬ್ಬರೂ ಏಕವಚನಕ್ಕೆ ಇಳಿಯಲಿಲ್ಲ. ಜಗಳವೆಲ್ಲ "ರೀ" ಹಚ್ಚಿಯೇ ನಡೆಯುತ್ತಿತ್ತು.

ಸಮರೂಪ, ಅಸಮರೂಪ ಎಂಬ ಪದಗಳನ್ನು ಕಂಡರೆ ಕನ್ನಡ ಮೇಡಂಗೆ ಆಗದು. ಅವು ಯಾರೋ ಕಮಿಟಿಯವರು ಕೂತು ಹೊಸೆದ ಮಾತುಗಳಂತೆ. ತಿಳಿ, ಬಗ್ಗಡ ಎಂದು ಮನೆಮನೆಯಲ್ಲೂ ಆಡುವ ಚೆಂದದ ಮಾತುಗಳಿರುವಾಗ ಮಕ್ಕಳ ಬಾಯಿಗೆ ಕಲ್ಲು ಯಾಕೆ ತುರುಕಬೇಕು ಎನ್ನುವುದು ಅವರ ತಕರಾರು. ಮೇಲೆ ನಿಂತದ್ದು ತಿಳಿ, ಕದಡಿದ್ದು ಬಗ್ಗಡ, ಮುಗಿಯಿತಲ್ಲ! ಅತ್ತೆ ಅಷ್ಟಕ್ಕೆ ಬಿಟ್ಟಾರೆಯೇ?

"ಹಾಗಾದ್ರೆ ಹಾಲು ತಿಳೀನೂ ಅಲ್ಲ, ಬಗ್ಗಡಾನೂ ಅಲ್ಲ. ಅದಕ್ಕೇನಂತೀರಿ ನೀವು?"

"ಹಾಲು ಅಂತೀನಿ ಕಣ್ರೀ."

ಕನ್ನಡ ಮೇಡಂ ಮಾಡುವ ತಿಳಿಸಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬೇಳೆ ಬೇಯಿಸಿ, ಕಟ್ಟು ಬಸಿದು, ಕುದಿಸಿ, ಇಳಿಸಿ, ಅದು ತಾನಾಗಿ ತಿಳಿಯಾಗುವವರೆಗೆ ಸೌಟು ಮುಟ್ಟಿಸುತ್ತಿರಲಿಲ್ಲ. ಬಟ್ಟಲಿಗೆ ಬಡಿಸಿದರೆ ತಳದಲ್ಲಿ ಕೊರೆದ ಹೆಸರು ಓದಬಹುದು. ಒಂದು ಶನಿವಾರ ಅತ್ತೆ ಅದಕ್ಕೂ ಟಾರ್ಚು ಹಾಯಿಸಿ, ಒಗ್ಗರಣೆಯ ಸಾಸಿವೆ ಕರಿಬೇವನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಸಾರು ಸಮರೂಪಕ್ಕೆ ಅತಿ ಹತ್ತಿರ ಎಂದು ಒಪ್ಪಿದ್ದರು. ಗಂಗೆಯ ನೀರಿಗೂ ಅವರು ಇಂಥ ಸರ್ಟಿಫಿಕೇಟು ಕೊಟ್ಟವರಲ್ಲ. ಕನ್ನಡ ಮೇಡಂ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಒಳಗೊಳಗೆ ಹೆಮ್ಮೆಯೂ ಇತ್ತು.

ಹೀಗೆ ಸುಖವಾಗಿದ್ದಾಗ ಅತ್ತೆಗೆ ಲೋಕವೆಲ್ಲ ಕೆಟ್ಟುಹೋಗಿದೆ ಎಂದು ಅನ್ನಿಸತೊಡಗಿತು. ಎಳನೀರಿನವನು ಏನೋ ಬೆರೆಸುತ್ತಿದ್ದಾನೆ, ನೀರು ಮಂಜುಮಂಜಾಗಿದೆ ಎಂದು ಶುರುವಾಯಿತು. ಕೊಚ್ಚುವ ಮೊದಲು ಕಾಯಿಯೊಳಗೆ ಹೇಗೆ ಬೆರೆಸುತ್ತಾನೆ ಎಂದು ನಾನು ಕೇಳಿದರೆ, ಅದನ್ನು ಪತ್ತೆ ಹಚ್ಚುತ್ತೇನೆ ಎಂದರು. ಕಾಫಿಪುಡಿಯ ಅಂಗಡಿಯವರಿಗೆ ಚಿಕೋರಿ ಜಾಸ್ತಿ ಹಾಕುತ್ತೀರೆಂದು ಗದರಿ ಬಂದರು. ಜೇನುತುಪ್ಪ, ಗುಲಾಬಿ ನೀರು, ಕೊನೆಗೆ ನಮ್ಮ ಕುಡಿಯುವ ನೀರು ಕೂಡ ಫೇಲಾಯಿತು! ವಯಸ್ಸಾದಂತೆ ಮೇಷ್ಟರುಗಳು ನಂಬರು ಕೊಡುವುದರಲ್ಲಿ ಬಿಗಿಯಾಗುತ್ತಾರೆ ಎಂದು ನನ್ನ ಗಂಡ ತಮಾಷೆ ಮಾಡಿದರು. ನಾವೆಲ್ಲ ನಕ್ಕೆವು.

ಆಗಲೇ ಆ ಶನಿವಾರ ಬಂದದ್ದು. ಕನ್ನಡ ಮೇಡಂ ಮನೆಗೆ ಹೊಸದಾಗಿ ಬೀಗರಾದವರು, ಅಂದರೆ ಸೊಸೆಯ ಅಪ್ಪ ಅಮ್ಮ, ಮೊದಲ ಸಲ ಊಟಕ್ಕೆ ಬಂದಿದ್ದರು. ನಾನೂ ಅತ್ತೆಯ ಜೊತೆ ಹೋಗಿದ್ದೆ. ಕನ್ನಡ ಮೇಡಂ ಸರ್ಟಿಫಿಕೇಟಿನ ಕಥೆಯನ್ನು ಬೀಗರಿಗೆ ಸೊಗಸಾಗಿ ಹೇಳಿ, ಇವರೇ ನೋಡಿ ಆ ಕೆಮಿಸ್ಟ್ರಿ ಮೇಡಂ ಎಂದು ಪರಿಚಯಿಸಿ, ಸಾರು ಬಡಿಸಿದರು. ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅತ್ತೆ ಬಟ್ಟಲನ್ನು ಬೆಳಕಿಗೆ ವಾಲಿಸಿದರು. ಕಣ್ಣು ಕಿರಿದು ಮಾಡಿದರು.

"ಇವತ್ತು ಬಗ್ಗಡ ಆಗಿದೆ ರೀ," ಅಂದರು.

ನನ್ನ ಬಟ್ಟಲಿನಲ್ಲಿ ತಳದ ಹೆಸರು ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಕನ್ನಡ ಮೇಡಂ ನಗುತ್ತಲೇ, ಇನ್ನೊಂದು ಸಲ ಸರಿಯಾಗಿ ನೋಡಿ ಎಂದರು. ಅತ್ತೆ ಇನ್ನೊಂದು ಸಲ ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳುವುದೇ ವಿಜ್ಞಾನ, ಮುಖ ನೋಡಿ ಹೇಳುವುದಲ್ಲ ಎಂದುಬಿಟ್ಟರು. ಕನ್ನಡ ಮೇಡಂ ಮುಖದ ನಗು ಇಳಿಯಿತು.

"ಮನಸ್ಸಲ್ಲಿ ಬಗ್ಗಡ ಇಟ್ಕೊಂಡ್ ಬಂದ್ರೆ ಸಾರೂ ಬಗ್ಗಡವಾಗೇ ಕಾಣತ್ತೆ, ಮೇಡಂ."

ಅತ್ತೆ ಊಟ ಮುಗಿಸದೆ ಎದ್ದು ಕೈತೊಳೆದರು. ಮುಂದಿನ ಶನಿವಾರ ಬೆಳಿಗ್ಗೆ ಎಂದಿನಂತೆ ಸೀರೆ ಉಟ್ಟು, ಬ್ಯಾಗು ಹಿಡಿದು ಹಜಾರದಲ್ಲಿ ಕೂತರು. ಮಧ್ಯಾಹ್ನವಾದ ಮೇಲೆ ಎದ್ದು ಸೀರೆ ಬದಲಾಯಿಸಿದರು. ಅದರ ಮುಂದಿನ ಶನಿವಾರವೂ ಹಾಗೇ. ಕನ್ನಡ ಮೇಡಂ ಕಡೆಯಿಂದ ಫೋನಿಲ್ಲ. ಅತ್ತೆಯೂ ಮಾಡಲಿಲ್ಲ. ನಾನು ಮಧ್ಯೆ ಬಾಯಿ ಹಾಕಿದರೆ, ಪ್ರಯೋಗದ ಫಲಿತಾಂಶವನ್ನು ಸ್ನೇಹಕ್ಕಾಗಿ ತಿದ್ದಲು ಬರುವುದಿಲ್ಲ ಎನ್ನುತ್ತಿದ್ದರು. ಆದರೆ ಊಟ ಕಡಿಮೆಯಾಯಿತು. ಪಾನಕ, ಕಾಫಿ ಯಾವುದಕ್ಕೂ ಟಾರ್ಚು ಬಿಡುವ ಉತ್ಸಾಹವೂ ಹೋಯಿತು. ಅತ್ತೆ ಪರೀಕ್ಷಿಸದೆ ಕಾಫಿ ಕುಡಿದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಅವರನ್ನು ಗೆಲುವಾಗಿಸಬೇಕೆಂದು ನನ್ನ ಗಂಡ ಒಂದು ದಿನ ತಮಾಷೆಗೆ ಪರೀಕ್ಷೆ ಏರ್ಪಡಿಸಿದರು. ಒಂದು ಲೋಟದಲ್ಲಿ ಉಪ್ಪುನೀರು, ಒಂದರಲ್ಲಿ ಮೈದಾ ಕಲಸಿದ ನೀರು. ಅತ್ತೆ ಎರಡನ್ನೂ ಎತ್ತಿ ನೋಡಿ, ಮೈದಾ ನೀರು ಬಗ್ಗಡವೇ ಸರಿ, ಆದರೆ ಉಪ್ಪುನೀರೂ ಬಗ್ಗಡ, ಈಗ ಉಪ್ಪನ್ನೂ ಕಲಬೆರಕೆ ಮಾಡುತ್ತಿದ್ದಾರೆ ಎಂದರು. ನನ್ನ ಗಂಡ ಒಳಗೆ ಹೋಗಿ ಮೂರನೆಯ ಲೋಟ ತಂದು ಕೈಗಿಟ್ಟರು. ಅತ್ತೆ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು.

"ಇದೂ ಬಗ್ಗಡ."

ಲೋಟ ಖಾಲಿಯಾಗಿತ್ತು. ತೊಳೆದು ಒರೆಸಿದ ಖಾಲಿ ಲೋಟ! ಇವರು ಜೋರಾಗಿ ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ನಮ್ಮಿಬ್ಬರ ಮುಖ ನೋಡಿ, ಲೋಟವನ್ನು ನಿಧಾನವಾಗಿ ಬಗ್ಗಿಸಿದರು. ಏನೂ ಚೆಲ್ಲಲಿಲ್ಲ. ಒಳಗೆ ಬೆರಳು ಹಾಕಿ ಸವರಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಮರುದಿನ ಬಸವನಗುಡಿಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು ಇಣುಕಿದರು. ಇಷ್ಟು ವರ್ಷ ಎಲ್ಲದಕ್ಕೂ ಟಾರ್ಚು ಬಿಟ್ಟ ಹೆಂಗಸು ಈಗ ತಾವೇ ಲೋಟವಾಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ವಿವರಿಸುವ ಮೊದಲೇ ಅತ್ತೆ ಅವರಿಗೆ ಪಾಠ ಶುರು ಮಾಡಿದರು. ಕಣ್ಣಿನ ಮಸೂರದಲ್ಲಿ ಪ್ರೋಟೀನು ಮುದ್ದೆಗಟ್ಟಿದೆ, ಆ ಮುದ್ದೆಗಳು ಬೆಳಕನ್ನು ಚದುರಿಸುತ್ತಿವೆ, ತಮ್ಮ ಕಣ್ಣೇ ಈಗ ಅಸಮರೂಪ, ಅಲ್ಲವೇ? ಡಾಕ್ಟರು ಹೌದು ಮೇಡಂ ಎಂದರು. ಅತ್ತೆ ನನ್ನ ಕಡೆ ತಿರುಗಿದರು. ಉತ್ತರ ಸರಿಯಾಗಿತ್ತು, ಆದರೆ ಮುಖದಲ್ಲಿ ಗೆಲುವಿರಲಿಲ್ಲ.

ಮೊದಲು ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು, ಎರಡೂ ಆಪರೇಷನ್ ಸುಸೂತ್ರವಾಗಿ ಆದವು. ಪಟ್ಟಿ ಬಿಚ್ಚಿದ ಮೇಲೆ ಅತ್ತೆಗೆ ನಮ್ಮ ಮನೆಯ ಗೋಡೆಯ ಕೊಳೆ, ಫ್ಯಾನಿನ ಧೂಳು, ನನ್ನ ತಲೆಯ ಬಿಳಿಕೂದಲು ಎಲ್ಲ ಒಟ್ಟಿಗೆ ಕಂಡು, ನಾವು ಕೆಲವು ದಿನ ಬಹಳ ಕಷ್ಟಪಟ್ಟೆವು. ಆಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು ಕ್ಷಮಾಪಣೆಯ ಯಾತ್ರೆ ಹೊರಟರು. ಎಳನೀರಿನವನಿಗೆ ತಪ್ಪಾಯಿತಪ್ಪ ಎಂದರು. ಅವನು ದುಡ್ಡು ಬೇಡವೆಂದು ತೆಳು ಗಂಜಿಯಿರುವ ಒಂದು ಎಳನೀರು ಕೊಟ್ಟು ಕಳಿಸಿದ. ಕಾಫಿಪುಡಿಯವರು, ಚಿಕೋರಿ ನಿಜವಾಗಿಯೂ ಸ್ವಲ್ಪ ಜಾಸ್ತಿ ಬೀಳುತ್ತಿತ್ತು ಎಂದು ತಾವೇ ಒಪ್ಪಿಕೊಂಡರು! ಗಾಂಧಿಬಜಾರಿನ ತನಕ ಹೋದರು, ಆದರೆ ಚಾಮರಾಜಪೇಟೆಯ ಕಡೆ ತಿರುಗಲಿಲ್ಲ. ಎಲ್ಲರ ಹತ್ತಿರ ಸಲೀಸಾಗಿ ಬರುತ್ತಿದ್ದ ಮಾತು ಅಲ್ಲಿಗೆ ಬರುವುದಿಲ್ಲ, ಕಣೇ ಎಂದು ಒಂದು ಸಂಜೆ ನನಗೆ ಹೇಳಿದರು.

ಶನಿವಾರ ಬಂತು. ಬೆಳಿಗ್ಗೆಯೇ ಅತ್ತೆ ಸೀರೆ ಉಟ್ಟು ಹಜಾರದಲ್ಲಿ ಕೂತಿದ್ದರು. ನಾನು ಏನೂ ಕೇಳಲಿಲ್ಲ. ಒಳಗೆ ಹೋಗಿ ಕನ್ನಡ ಮೇಡಂಗೆ ಫೋನು ಮಾಡಿ, ಮಧ್ಯಾಹ್ನ ನಾವು ಬರುತ್ತೇವೆ ಎಂದಷ್ಟೇ ಹೇಳಿದೆ. ಬನ್ನಿ ಎಂದು ಇಟ್ಟುಬಿಟ್ಟರು. ಊಟದ ಹೊತ್ತಿಗೆ ಆಟೋ ಕರೆಸಿದೆ.

ಬಾಗಿಲು ತೆಗೆದ ಕನ್ನಡ ಮೇಡಂ ಒಳಗೆ ಬನ್ನಿ ಎಂದರು, ಅಷ್ಟೆ. ಊಟಕ್ಕೆ ಕೂರಿಸಿದರು. ಪಲ್ಯ ಬಡಿಸಿದರು, ಅನ್ನ ಬಡಿಸಿದರು, ಬಟ್ಟಲಿಗೆ ಸಾರು ಹಾಕಿ ದೂರ ನಿಂತರು. ಅತ್ತೆ ಬಟ್ಟಲನ್ನು ಬೆಳಕಿಗೆ ಹಿಡಿಯಲಿಲ್ಲ. ಕೈಯಲ್ಲಿ ಸುಮ್ಮನೆ ಹಿಡಿದುಕೊಂಡರು.

"ಅವತ್ತು ನಿಮ್ಮ ಸಾರು ತಿಳಿಯಾಗೇ ಇತ್ತು ರೀ. ಪೊರೆ ಬಂದಿತ್ತು ನನಗೆ. ಬಗ್ಗಡ ಇದ್ದಿದ್ದು ನನ್ನ ಕಣ್ಣಲ್ಲಿ."

ಕನ್ನಡ ಮೇಡಂ ಸೌಟನ್ನು ಪಾತ್ರೆಗೆ ಇಟ್ಟರು.

"ಇಲ್ಲ ಮೇಡಂ. ಅವತ್ತು ಸಾರು ಬಗ್ಗಡಾನೇ ಆಗಿತ್ತು. ಬೀಗರು ಬರ್ತಾರೆ ಅನ್ನೋ ಗಡಿಬಿಡೀಲಿ ನಾನೇ ಸೌಟು ತಳಕ್ಕೆ ಹಾಕಿ ಕದಡಿಬಿಟ್ಟಿದ್ದೆ. ನೀವು ಹೇಳಿದ್ದು ಸರಿಯಾಗೇ ಇತ್ತು."

ಅವತ್ತಿನ ಸಾರನ್ನು ನಾನು ಉಂಡಿದ್ದೇನೆ. ಅದು ಕದಡಿರಲಿಲ್ಲ. ಅದು ಕನ್ನಡ ಮೇಡಂಗೆ ಗೊತ್ತು. ಅತ್ತೆಗೂ ಆ ಕ್ಷಣದಲ್ಲಿ ಗೊತ್ತಾಯಿತು, ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯಾರ ಮಾತನ್ನೂ ಪುರಾವೆಯಿಲ್ಲದೆ ಒಪ್ಪದವರು, ಸುಳ್ಳು ಲೆಕ್ಕ ಕೊಟ್ಟ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದವರು, ಈಗ ಏನು ಹೇಳುತ್ತಾರೋ ಎಂದು ನಾನು ಅನ್ನ ಕಲಸುವುದನ್ನೇ ನಿಲ್ಲಿಸಿದೆ. ಅತ್ತೆ ಹೊಸ ಕಣ್ಣಿನಿಂದ ಗೆಳತಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹೌದಾ? ಹಾಗಿದ್ರೆ ಸರಿ," ಅಂದರು. "ಆಗತ್ತೆ ಬಿಡಿ, ಒಂದೊಂದು ಸಲ."

ಆಮೇಲೆ ಬಟ್ಟಲನ್ನು ಎತ್ತಿ ಕುಡಿದರು. ಇನ್ನೊಂದು ಸೌಟು ಹಾಕಿ ಎಂದರು. ಅದನ್ನೂ ಕುಡಿದು, ಇಷ್ಟು ದಿನ ಶನಿವಾರದ ಸಾರು ಯಾರು ಕುಡಿಯುತ್ತಿದ್ದರು ಎಂದು ಕೇಳಿದರು. ಕನ್ನಡ ಮೇಡಂ ಪಾತ್ರೆಯ ಕಡೆ ನೋಡುತ್ತಾ, ಮಾಡಿದರೆ ತಾನೇ ಕುಡಿಯುವುದು, ಅವತ್ತಿನಿಂದ ಈ ಮನೆಯಲ್ಲಿ ಸಾರೇ ಮಾಡಿಲ್ಲ, ಇವಳು ಫೋನು ಮಾಡಿದ ಮೇಲೆ ಬೇಳೆ ಇಟ್ಟೆ ಎಂದರು.

ಅತ್ತೆ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು. ಎಂಜಲು ಕೈಯಲ್ಲಿ ಮುಟ್ಟಬೇಡಿ, ಆಪರೇಷನ್ ಆದ ಕಣ್ಣು ಎಂದು ಗದರುತ್ತಾ ಕನ್ನಡ ಮೇಡಂ ಓಡಿ ಬಂದು, ಮಗ್ಗುಲಲ್ಲಿ ಕೂತು, ಒಗೆದ ಸೀರೆಯ ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿ ಒತ್ತಿ ಒರೆಸಿದರು.