ಸ್ಕ್ಯಾನ್ ಮುಗೀತು, ಸಿಕ್ಕಿದ್ದು ಇನ್ನೂರ ಹದಿನಾಲ್ಕು

ನಮ್ಮ ಮನೆಯಲ್ಲಿ ಒಂದೇ ವಾರ ಇಬ್ಬರು ಕಾಯಿಲೆ ಬಿದ್ದರು. ಒಬ್ಬರು ಅಪ್ಪ, ಇನ್ನೊಂದು ಕಂಪ್ಯೂಟರು. ಅಪ್ಪನಿಗೆ ಹೊಟ್ಟೆಯ ಬಲಗಡೆ ನೋವು. ಕಂಪ್ಯೂಟರಿಗೆ ಎಲ್ಲಿ ನೋವೋ ಅದೇ ಹೇಳುತ್ತಿರಲಿಲ್ಲ. ಯಾವ ಪುಟ ತೆರೆದರೂ ಬೋಳುತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಮೇಲೆ ಬಂದು ಕೂರುತ್ತಿತ್ತು. ಮುಚ್ಚಲು ಹೋದರೆ ಮರಿ ಹಾಕುತ್ತಿತ್ತು. (ನನ್ನ ತಲೆಯ ಪರಿಸ್ಥಿತಿ ಅದಕ್ಕೆ ಹೇಗೆ ತಿಳಿಯಿತು ಎಂಬುದೇ ಒಳಗೆ ಗೂಢಚಾರ ತಂತ್ರಾಂಶ ಸೇರಿದೆ ಎನ್ನಲು ನನಗೆ ಸಿಕ್ಕ ಮೊದಲ ಪುರಾವೆ.)

ಸರ್ಜನ್ ಅಪ್ಪನಿಗೆ ಸ್ಕ್ಯಾನ್ ಬರೆದುಕೊಟ್ಟರು. ಗುರುವಾರ ಮಾಡಿಸಿದೆವು. ಸ್ಕ್ಯಾನ್ ಸೆಂಟರಿನವರು ವರದಿಯನ್ನು ಪೆನ್‌ಡ್ರೈವಿಗೆ ಹಾಕಿ ಕೈಗಿಟ್ಟರು. "ನಮ್ಮ ಆಸ್ಪತ್ರೆಯಲ್ಲಿ ಹೊರಗಿನ ಪೆನ್‌ಡ್ರೈವ್ ಹಾಕೋ ಹಾಗಿಲ್ಲ, ವೈರಸ್ ಬರುತ್ತೆ. ಶನಿವಾರ ಹನ್ನೊಂದಕ್ಕೆ ಪ್ರಿಂಟ್ ತಗೊಂಡು ಬನ್ನಿ, ನೋಡಿ ಹೇಳ್ತೀನಿ" ಎಂದರು ಸರ್ಜನ್. ಏನು ಹೇಳುತ್ತಾರೋ ಎಂದು ನಾವು ಮೂವರೂ ಎರಡು ದಿನದಿಂದ ಮುಖ ಮುಖ ನೋಡದೆ ಊಟ ಮಾಡುತ್ತಿದ್ದೆವು.

ಶುಕ್ರವಾರ ಸಂಜೆ, ನಾನು ದುಡಿಯುವ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂತೆ.

"ರೀ, ಮೂಲೆ ಅಂಗಡೀಲಿ ಪ್ರಿಂಟ್ ಹಾಕಿಸ್ಕೊಂಡು ಬಂದುಬಿಡಿ" ಎಂದಳು ಹೆಂಡತಿ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣಿನ ನಂಬರು ನೋಡುವವಳು. ನನ್ನದನ್ನು ಮದುವೆಯಾದ ವಾರವೇ ನೋಡಿ ಮುಗಿಸಿದ್ದಾಳೆ.

"ಮನೇಲಿ ಪ್ರಿಂಟರ್ ಇಟ್ಕೊಂಡು ಅಂಗಡಿಗಾ? ಮೊದಲು ಇದನ್ನ ಶುದ್ಧ ಮಾಡ್ತೀನಿ. ಹತ್ತು ನಿಮಿಷ."

"ಹಾಗಾದ್ರೆ ದುಡ್ಡು ಕೊಟ್ಟು ಒಂದು ಒಳ್ಳೇ ಆಂಟಿವೈರಸ್ ಹಾಕಿಸಿ."

"ಫ್ರೀ ಸಿಗುತ್ತೆ ಕಣೇ!"

ಅವಳು ನನ್ನ ಮುಖವನ್ನು, ನಂಬರು ಸಿಕ್ಕದ ಗಿರಾಕಿಯನ್ನು ನೋಡುವಂತೆ ಒಂದು ಸಲ ನೋಡಿ ಅಡುಗೆಮನೆಗೆ ಹೋದಳು.

ನಮ್ಮ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು ರೀಸ್ಟಾರ್ಟ್ ರಾಯರು. ಸಕಲ ರೋಗಕ್ಕೂ ಅವರದು ಅದೊಂದೇ ಮದ್ದು. ಅವರು ಮಧ್ಯಾಹ್ನವೇ ಬುದ್ಧಿ ಹೇಳಿದ್ದರು: "ಫ್ರೀನೇ ಆಗ್ಲಿ, ಒಂದೇ ಒಂದು ಹಾಕಿ. ಎರಡು ಹಾಕಿದ್ರೆ ಕಚ್ಚಾಡ್ತವೆ." ಆದರೆ ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯ ನೆರಳಲ್ಲಿ ಬೆಳೆದವನು ನಾನು. ಮೂರು ಇಳಿಸಿಕೊಂಡೆ. ಒಂದಕ್ಕೆ ಗುರಾಣಿಯ ಚಿತ್ರ, ಒಂದಕ್ಕೆ ಸಿಂಹದ ಮುಖ. ಮೂರನೆಯದು ಗೂಢಚಾರರನ್ನು ಹಿಡಿಯುವಂಥದ್ದು. ಅದಕ್ಕೆ ರೆಪ್ಪೆಯಿಲ್ಲದ ಒಂದು ದೊಡ್ಡ ಕಣ್ಣು. ಆಮೇಲೆ ಪೆನ್‌ಡ್ರೈವ್ ಚುಚ್ಚಿ, ವರದಿಯ ಫೈಲಿಗೆ ಗುರುತಿಗಿರಲಿ ಎಂದು 'ಅಪ್ಪ' ಅಂತ ಹೆಸರು ಬದಲಿಸಿ, ಮೂರಕ್ಕೂ ಏಕಕಾಲದಲ್ಲಿ ರಣಕಹಳೆ ಊದಿದೆ.

ಅರ್ಧ ಗಂಟೆ ಕಂಪ್ಯೂಟರು ತಿಣುಕಿತು. ಗುರಾಣಿಯು ಸಿಂಹವನ್ನು ಕ್ರಿಮಿ ಎಂದಿತು. ಸಿಂಹವು ಗುರಾಣಿಯನ್ನು ಮಹಾಕ್ರಿಮಿ ಎಂದಿತು. ಕಣ್ಣು ಇಬ್ಬರ ಮೇಲೂ ಚಾಡಿ ಬರೆದುಕೊಂಡಿತು. ಕೊನೆಗೆ ಕೆಂಪು ಅಕ್ಷರದಲ್ಲಿ ಬಂತು: ಸ್ಕ್ಯಾನ್ ಮುಗಿದಿದೆ, ಸಿಕ್ಕಿದ್ದು ಇನ್ನೂರ ಹದಿನಾಲ್ಕು. ಪೂರ್ತಿ ಗುಣಪಡಿಸಲು ದುಡ್ಡು ಕಟ್ಟಿ. (ರೋಗ ಹೇಳುವುದು ಮಾತ್ರ ಧರ್ಮಾರ್ಥ.)

ನಾನು ಗಾಬರಿಯಾಗಿ ರಾಯರಿಗೆ ಫೋನ್ ಹಚ್ಚಿದೆ.

ಇಲ್ಲಿ ಅಪ್ಪನ ಕಿವಿಯ ವಿಷಯ ಹೇಳಬೇಕು. ನಲವತ್ತು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ "ಮೂರನೇ ಸಿಲಿಂಡರ್" ಎಂದರೆ, ಬಿಚ್ಚಿದಾಗ ಕೆಟ್ಟಿರುತ್ತಿದ್ದುದು ಮೂರನೆಯದೇ. ನಿವೃತ್ತಿಯಾದದ್ದು ಅಪ್ಪ, ಕಿವಿಯಲ್ಲ. ಅವರು ಮಲಗುವ ಕೋಣೆಗೂ ನನ್ನ ಕಂಪ್ಯೂಟರಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ.

ಆ ಹಲಗೆಯಾಚೆ ಕೇಳಿದ್ದು ನನ್ನ ಪಾಲಿನ ಮಾತು ಮಾತ್ರ. ಅದು ಹೀಗಿತ್ತು:

"ಹೂಂ ರಾಯರೇ, ಸ್ಕ್ಯಾನ್ ಮುಗೀತು... ಇನ್ನೂರ ಹದಿನಾಲ್ಕು ಸಿಕ್ಕಿದೆ... ಒಂದು ಕಡೆ ಅಲ್ಲ, ಒಳಗೆಲ್ಲಾ ಹರಡಿದೆ... ಅಯ್ಯೋ ಇಲ್ಲಪ್ಪ, ದುಡ್ಡು ಸುರಿಯೋಷ್ಟು ಲಾಯಕ್ಕಿಲ್ಲ. ಹಳೇದಾಯ್ತು, ಇನ್ನೆಷ್ಟು ದಿನ ಬರುತ್ತೆ?... ಫ್ರೀಯಾಗಿ ಏನಾಗುತ್ತೋ ಅಷ್ಟು ಮಾಡೋಣ. ಆಗ್ಲಿಲ್ಲ ಅಂದ್ರೆ ಬೇಕಾದ್ದನ್ನ ತೆಗೆದಿಟ್ಕೊಂಡು ಗುಜರಿಗೆ ಹಾಕೋದು."

ಫೋನ್ ಇಟ್ಟೆ. ಹಲಗೆಯಾಚೆ ಕಬ್ಬಿಣ ಎಳೆಯುವ ಸದ್ದಾಯಿತು. ಅಪ್ಪ ತಮ್ಮ ಸ್ಪ್ಯಾನರ್ ಪೆಟ್ಟಿಗೆಯನ್ನು, ಹೊಟ್ಟೆ ಹಿಡಿದುಕೊಂಡೇ, ಅಡುಗೆಮನೆಯ ಬಾಗಿಲವರೆಗೆ ತಂದಿದ್ದರು.

"ತಾಯಿ, ಇದು ನಿನಗೆ. ಒಂದೂ ತುಕ್ಕು ಹಿಡಿದಿಲ್ಲ. ಅವನ ಕೈಗೆ ಕೊಡಬೇಡ. ಗುಜರಿಗೆ ಹಾಕ್ತಾನೆ."

"ಮಾವ, ಇದೆಲ್ಲ ಯಾಕೀಗ?"

"ಎಲ್ಲಾ ಹರಡಿದೆಯಂತೆ. ಇನ್ನೂರ ಹದಿನಾಲ್ಕು." ದನಿಯಲ್ಲಿ ನಡುಕವಿರಲಿಲ್ಲ. ಎಂಜಿನ್ ಬಿಚ್ಚಿ ನೋಡಿದವರ ದನಿ. "ನಾಳೆ ಆಸ್ಪತ್ರೆಗೆ ಬರಲ್ಲ ನಾನು. ದುಡ್ಡು ದಂಡ. ಅವನು ಹೇಳಿದ್ದು ಸರಿಯಾಗೇ ಇದೆ. ಸವೆದು ಬೋರಿಗೆ ಬಂದ ಎಂಜಿನ್ನಿಗೆ ನಾವೂ ಹಾಗೇ ಹೇಳ್ತಿದ್ವಿ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ಅಡುಗೆಮನೆಯ ಬಾಗಿಲಿಗೆ ಓಡಿದೆ.

"ಅಪ್ಪಾ! ಅದು ಕಂಪ್ಯೂಟರ್ ಬಗ್ಗೆ! ನಾನು 'ಹಳೇದಾಯ್ತು' ಅಂದಿದ್ದು. 'ಹಳಬರಾದ್ರು' ಅಂದ್ನಾ? 'ಎಷ್ಟು ದಿನ ಬರುತ್ತೆ' ಅಂದೆ, 'ಬರ್ತಾರೆ' ಅಂದ್ನಾ? ನಪುಂಸಕಲಿಂಗ ಅಪ್ಪಾ, ನಪುಂಸಕಲಿಂಗ!"

ಅಪ್ಪ ನನ್ನನ್ನು ಕರುಣೆಯಿಂದ ನೋಡಿದರು. "ಹೋಗೋನಿಗೆ ಯಾವ ಲಿಂಗವೋ? ಡಿಪೋದಲ್ಲಿ ಯಾರಾದ್ರೂ ಹೋದ್ರೆ 'ಬಾಡಿ ಯಾವಾಗ ಬರುತ್ತೆ' ಅಂತಿದ್ವಿ. 'ಬಾಡಿ ಯಾವಾಗ ಬರ್ತಾರೆ' ಅಂತ ಒಬ್ಬನೂ ಅಂದಿದ್ದಿಲ್ಲ."

ವ್ಯಾಕರಣ ಕೈಕೊಟ್ಟಿತು. ಇನ್ನು ಸಾಕ್ಷಿಯೇ ಗತಿ. ಅವರನ್ನು ಮೆಲ್ಲಗೆ ಕಂಪ್ಯೂಟರಿನ ಮುಂದೆ ಕೂರಿಸಿದೆ. "ನೋಡಿ, ಇನ್ನೂರ ಹದಿನಾಲ್ಕು ಇಲ್ಲಿರೋದು. ಇವು ಜಾಹೀರಾತಿನ ಕ್ರಿಮಿ. ಇದು ಸಿಂಹ. ಇದು..." ಎನ್ನುತ್ತಾ ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸಿದೆ.

ಅಪ್ಪ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದುತ್ತಾ ಬಂದವರು ಕಟ್ಟಕಡೆಯ ಸಾಲಿನಲ್ಲಿ ನಿಂತರು. ನಾನೂ ಓದಿದೆ. ಎಲ್ಲದರಲ್ಲೂ ಕಚ್ಚಾಡಿದ ಮೂರು ತಂತ್ರಾಂಶಗಳು ಒಮ್ಮತಕ್ಕೆ ಬಂದದ್ದು ಅದೊಂದೇ ಸಾಲಿನಲ್ಲಿ:

'ಅಪ್ಪ' – ಅಪಾಯಕಾರಿ – ತೆಗೆದುಹಾಕಲಾಗಿದೆ.

ಪೆನ್‌ಡ್ರೈವ್ ತೆರೆದೆ. ತೊಳೆದಿಟ್ಟ ಲೋಟದಂತೆ ಖಾಲಿ.

"ನಿಜವಾದ ವರದಿ ಎಲ್ಲಿ? ತೋರಿಸು" ಎಂದರು ಅಪ್ಪ.

"ಅಳಿಸಿಹೋಗಿದೆ ಅಪ್ಪಾ."

"ಹೂಂ." ಅಪ್ಪ ಸೊಸೆಯ ಕಡೆ ತಿರುಗಿದರು. "ನಾನು ಓದಬಾರದು ಅಂತ ಅಳಿಸಿದಾನೆ, ಪಾಪ. ಅಷ್ಟಾದ್ರೂ ಅಂತಃಕರಣ ಇದೆಯಲ್ಲ." ಎದ್ದು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅಡುಗೆಮನೆಯಲ್ಲಿ ನನ್ನ ವಾದ ಮಂಡಿಸಿದೆ. ತಪ್ಪು ಕೇಳಿಸಿಕೊಂಡರೆ ನಾನೇನು ಮಾಡಲಿ?

ಹೆಂಡತಿ ಒಲೆ ಆರಿಸಿದಳು. "ಮಾವ ಕೇಳಿದ್ದು ತಪ್ಪು, ಸರಿ. ಆದ್ರೆ ಕೇಳಿದ ತಕ್ಷಣ 'ಛೇ, ನನ್ನ ಮಗ ಹಾಗನ್ನೋನಲ್ಲ' ಅಂತ ಅವರಿಗೆ ಯಾಕೆ ಅನ್ನಿಸ್ಲಿಲ್ಲ ರೀ?"

ನಾನು ಉತ್ತರ ಹುಡುಕಿದೆ. (ಇಂಟರ್ನೆಟ್ಟಿನಲ್ಲಲ್ಲ.) ಸಿಕ್ಕಿತು ಕೂಡ. ಎರಡು ತಿಂಗಳ ಹಿಂದೆ ಅಪ್ಪ ಮೊದಲ ಸಲ ಹೊಟ್ಟೆನೋವು ಅಂದಾಗ ನಾನು ಅವರನ್ನು ಕರೆದುಕೊಂಡು ಹೋಗಿದ್ದು ಒಂದು ಉಚಿತ ದಂತ ತಪಾಸಣಾ ಶಿಬಿರಕ್ಕೆ. ಡಾಕ್ಟರು ಡಾಕ್ಟರೇ ತಾನೆ ಎಂದು. ಆತ ಅಪ್ಪನ ಬಾಯಿ ತೆರೆಸಿ, ಹೊಟ್ಟೆ ಅಷ್ಟು ದೂರಕ್ಕೆ ಕಾಣುವುದಿಲ್ಲ ಎಂದಿದ್ದ. ನಾನು ನಕ್ಕಿದ್ದೆ. ಅಪ್ಪ ನಕ್ಕಿದ್ದರೇ? ನೆನಪಾಗಲಿಲ್ಲ.

"ಆ ಹಲ್ಲಿನ ಶಿಬಿರಕ್ಕೆ ಹೋಗಿ ಎರಡು ತಿಂಗಳು" ಎಂದಳು ಅವಳು. ಅಷ್ಟೇ. ಸಾಮಾನ್ಯವಾಗಿ ಅವಳು ನನ್ನನ್ನು ಬೈಯಲು ಹದಿನೈದು ನಿಮಿಷವಾದರೂ ತೆಗೆದುಕೊಳ್ಳುತ್ತಾಳೆ. ಆವತ್ತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಸ್ಕ್ಯಾನ್ ಸೆಂಟರಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತೆ. ಅವರ ಹತ್ತಿರ ಇನ್ನೊಂದು ಪ್ರತಿ ಇತ್ತು. ಕಾಗದದ ಮೇಲೇ ಅಚ್ಚು ಹಾಕಿಸಿಕೊಂಡೆ. ಅಪ್ಪನನ್ನು ಹೊರಡಿಸಿದ್ದು ಅವಳು. ಹೇಗೆ ಎಂದು ಕೇಳಬೇಡಿ, ನನಗೂ ಹೇಳಿಲ್ಲ. ಆಟೋದಲ್ಲಿ ಅವರಿಬ್ಬರೂ ಹಿಂದೆ, ನಾನು ಡ್ರೈವರಿನ ಪಕ್ಕ ಅರ್ಧ ಸೀಟಿನಲ್ಲಿ.

ಸರ್ಜನ್ ವರದಿಯನ್ನು ಎರಡು ಸಲ ಓದಿದರು. "ಒಂದು ಗಂಟಿದೆ. ತೆಗೀಬೇಕು, ತಡ ಮಾಡೋ ಹಾಗಿಲ್ಲ. ಎಂಥದ್ದು ಅಂತ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಗೊತ್ತಾಗೋದು. ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು."

ನಾನು ನೆಲದ ಟೈಲ್ಸ್ ನೋಡಿದೆ.

"ಒಂದೇನಾ ಡಾಕ್ಟ್ರೇ?" ಎಂದರು ಅಪ್ಪ.

"ಒಂದೇ."

"ಸರಿಯಾಗಿ ನೋಡಿ. ಇನ್ನೂರ ಹದಿನಾಲ್ಕು ಅಂತ ಮನೇಲಿ ಹೇಳಿದ್ರು."

"ಯಾರ್ರೀ ಹೇಳಿದ್ದು? ಒಂದೇ ಒಂದು."

ಅಪ್ಪನ ಮುಖ ಅರಳಿತು. ಹೊಟ್ಟೆಯಲ್ಲಿ ಗಂಟಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟ ರೋಗಿಯನ್ನು ಆ ಸರ್ಜನ್ ಕಂಡಿರಲಾರರು. "ಹಾಗಾದ್ರೆ ಬಿಚ್ಚಿಬಿಡಿ" ಎಂದರು.

ನರ್ಸ್ ಒಪ್ಪಿಗೆಯ ಫಾರಂ ತಂದರು. ನಾನು ಪೆನ್ನಿಗೆ ಕೈ ಚಾಚಿದೆ. ಅಪ್ಪ ಅದನ್ನು ನನ್ನ ಬೆರಳಿನಿಂದ ತಪ್ಪಿಸಿ ಸೊಸೆಗೆ ಕೊಟ್ಟರು. ಅವಳು ಸಹಿ ಹಾಕಿದಳು.

"ಆಪರೇಷನ್ ದಿನ ಮನೆಯವರು ಮಾತ್ರ ಒಳಗೆ ಇರಬಹುದು" ಎಂದ ನರ್ಸ್ ನನ್ನ ಕಡೆ ನೋಡಿದರು. "ಇವರು ಏನಾಗಬೇಕು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಸಿಟ್ಟಿಲ್ಲದೆ, ನಗುವೂ ಇಲ್ಲದೆ ಹೇಳಿದರು:

"ನಮ್ಮ ಮನೇ ಕಂಪ್ಯೂಟರ್ ನೋಡ್ಕೊಳ್ಳೋರು."