ಮೀಟರ್ ಏರುವವರೆಗೆ ಮಾತಿಲ್ಲ!

"ಇನ್ನು ಈ ವಿಷಯ ನನಗೆ ಬಿಟ್ಟುಬಿಡು! ಮೂರಾಳೆತ್ತರದ ಬಾಯ್ಲರನ್ನೇ ಬೆರಳ ತುದಿಯಲ್ಲಿ ಆಡಿಸೋನಿಗೆ ನಿನ್ನ ಮೈ ಕಾವು ಯಾವ ಲೆಕ್ಕ?"

ಹೀಗೆಂದು ಹೆಂಡತಿಯ ಮುಂದೆ ಘೋಷಿಸಿದವರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಆಪರೇಟರ್. ಗೆಳೆಯರ ಬಾಯಲ್ಲಿ ಆವಿರಾಯರು. ಮದುವೆಯಾಗಿ ವರ್ಷಗಳಾದರೂ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಮೊದಮೊದಲು ಬಂದವರೆಲ್ಲ "ಏನಾದ್ರೂ ವಿಶೇಷ?" ಎಂದು ಕೇಳುತ್ತಿದ್ದರು. ಈಗೀಗ ಕೇಳುವುದನ್ನೂ ಬಿಟ್ಟಿದ್ದರು, ಅದೇ ಹೆಚ್ಚು ಚುಚ್ಚುತ್ತಿತ್ತು. ಅಂಡಾಣು ಬಿಡುಗಡೆಯಾಗುವುದಕ್ಕೂ ಹೆಣ್ಣಿನ ಮೈ ಕಾವು ಏರುವುದಕ್ಕೂ ನಂಟಿದೆಯೆಂದು ರಾಯರು ಎಲ್ಲೋ ಅರ್ಧ ಓದಿದರು. ಇನ್ನರ್ಧ ಓದುವ ತಾಳ್ಮೆ ಯಾರಿಗಿದೆ? ಸೀದಾ ಹೋಗಿ ಥರ್ಮಾಮೀಟರ್ ತಂದರು.

ಅಂದಿನಿಂದ ಮನೆಯಲ್ಲಿ ಬಾಯ್ಲರ್ ಶಾಸನ ಜಾರಿಗೆ ಬಂತು! ಹೆಂಡತಿ ಕಣ್ಣು ಬಿಡುವುದೇ ತಡ, ನಾಲಿಗೆಯಡಿ ಥರ್ಮಾಮೀಟರ್. ಏಳುವಂತಿಲ್ಲ, ಹೊರಳುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ. ಆಕೆಯೋ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕುಳಿತು ಹೊರಡುವ ಬಸ್ಸುಗಳನ್ನು ಕೂಗುವವಳು. ಊರಿಗೆಲ್ಲ ಕೇಳುವ ದನಿ ಮನೆಯಲ್ಲಿ ಬರೀ "ಉಂ ಉಂ" ಆಯಿತು.

ಒಂದು ಬೆಳಿಗ್ಗೆ ಆಕೆ ಥರ್ಮಾಮೀಟರ್ ಕಿತ್ತು ಹೊಟ್ಟೆಯ ಪಕ್ಕ ಮುಟ್ಟಿಕೊಂಡಳು. "ರೀ, ಇಲ್ಲಿ ಚುಳ್ ಅಂತಿದೆ, ಇವತ್ತೇ ಏನಾದ್ರೂ..."

"ಶ್! ಮೀಟರ್ ಎಲ್ಲಿ ಏರಿದೆ? ಕಾವು ಏರದೆ ವಾಲ್ವ್ ತಿರುಗಿಸೋನು ಆಪರೇಟರೇ ಅಲ್ಲ! ಬಾಯಿ ತೆಗಿ." ಮತ್ತೆ ತುರುಕಿದರು. ಅಷ್ಟೇ ಅಲ್ಲ, ಶಕ್ತಿ ಉಳಿತಾಯಕ್ಕೆಂದು ಚಾಪೆ ಎತ್ತಿಕೊಂಡು ಹೊರಕೋಣೆಗೆ ಹೋಗಿ ಮಲಗತೊಡಗಿದರು!

ಕೊನೆಗೂ ಮೀಟರ್ ಏರಿತು. ರಾಯರು ಕುಣಿದಾಡಿ, "ಮನೆಯಲ್ಲಿ ಪೈಪ್ ಒಡೆದಿದೆ" ಎಂದು ಫೋನ್ ಮಾಡಿ ರಜೆ ಹಾಕಿದರು. ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಕಾರ್ಖಾನೆಯ ಫಿಟ್ಟರುಗಳಿಬ್ಬರು ಸ್ಪ್ಯಾನರ್ ಹಿಡಿದು ನಿಂತಿದ್ದರು. "ಎಲ್ಲಣ್ಣಾ ಪೈಪು?" ಅವರನ್ನು ಸಾಗಹಾಕುವಷ್ಟರಲ್ಲಿ ರಾಯರೇ ಬೆವತು ನೀರಾದರು.

ಆದರೂ ಪ್ರತಿ ತಿಂಗಳೂ ಒಂದು ದಿನ ಹೆಂಡತಿ ಬಚ್ಚಲಿನಿಂದ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಕೊನೆಗೆ ಇಬ್ಬರೂ ಡಾಕ್ಟರಮ್ಮನ ಬಳಿ ಹೋದರು.

"ಕಾವು ಏರಿದ ತಕ್ಷಣ ಮೇಡಂ! ಒಂದು ತಿಂಗಳೂ ತಪ್ಪಿಲ್ಲ!" ರಾಯರು ಎದೆಯುಬ್ಬಿಸಿದರು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಅಯ್ಯೋ, ಅಂಡಾಣು ಹೊರಗೆ ಬಂದ್ಮೇಲೆ ಕಣ್ರೀ ಕಾವು ಏರೋದು! ಅದರ ಆಯಸ್ಸೇ ಒಂದು ದಿನ. ನೀವು ಸೇರಬೇಕಾದ್ದು ಅದಕ್ಕೂ ಮೊದಲು. ಮೈಯೇ ಮುಂಚೆ ಸೂಚನೆ ಕೊಡುತ್ತೆ. ಬಿಳಿ ಸ್ರಾವ ಮೊಟ್ಟೆಯ ಲೋಳೆ ಥರ ತೆಳ್ಳಗಾಗುತ್ತೆ. ಕೆಲವರಿಗೆ ಹೊಟ್ಟೆಯ ಒಂದು ಪಕ್ಕ ಚುಳ್ ಅನ್ನುತ್ತೆ."

ರಾಯರ ಆವಿಯೆಲ್ಲ ಇಳಿದುಹೋಯಿತು. ಹೊರಗೆ ಬಂದಾಗ ಹೆಂಡತಿಯ ಕಣ್ಣು ಒದ್ದೆಯಾಗಿತ್ತು. ಇಷ್ಟು ತಿಂಗಳು ಅವಳನ್ನು ಅಳಿಸಿದ್ದು ತನ್ನ ಅರ್ಧ ಓದು ಎಂದು ಅವರಿಗೆ ಅರಿವಾಯಿತು. ಆದರೆ ಜಂಬ ಅಷ್ಟು ಬೇಗ ಸಾಯುತ್ತದೆಯೇ?

"ಸ್ವಲ್ಪ ಬಾಯಿ ಬಿಟ್ಟು ಹೇಳಬಾರದಿತ್ತೇನೇ?"

ಆಕೆ ಅಳುತ್ತಲೇ ನಕ್ಕಳು. "ಬಸ್ಸು ಹೊರಡೋ ಮೊದಲೇ ಕೂಗೋದು ನನ್ನ ಕೆಲಸ ಕಣ್ರೀ. ಬಾಯಿ ಬಿಟ್ಟಾಗಲೆಲ್ಲ ಮೀಟರ್ ತುರುಕಿದ್ದು ಯಾರು?"

ಮುಂದಿನ ತಿಂಗಳು ಒಂದು ಬೆಳಿಗ್ಗೆ ರಾಯರು ಕಣ್ಣು ಬಿಟ್ಟು, "ಇವತ್ತು ಕಾವು..." ಎನ್ನುವಷ್ಟರಲ್ಲಿ ಥರ್ಮಾಮೀಟರ್ ಅವರ ನಾಲಿಗೆಯಡಿ ಸೇರಿತ್ತು.

"ಪ್ರಯಾಣಿಕರ ಗಮನಕ್ಕೆ!" ಎಂದಳು ಹೆಂಡತಿ, ತನ್ನ ಮೈಕಿನ ದನಿಯಲ್ಲಿ. "ಬಸ್ಸು ಇನ್ನೇನು ಹೊರಡಲಿದೆ. ದಯವಿಟ್ಟು ಮಾತಾಡದೆ ಹತ್ತಬೇಕು!"

"ಉಂ ಉಂ," ಎಂದರು ಆವಿರಾಯರು.